ಉಂಗುರ ಬೇಡವೆಂದವನು

ದೊಡ್ಡ ಕಥೆಯೊಂದರ ನಡುಭಾಗವನ್ನು ಹೇಳುವುದು ಯಾವ ಕಥೆಗಾರನಿಗೂ ಸುಲಭವಲ್ಲ. ಆರಂಭಕ್ಕೆ ಕುತೂಹಲದ ಬೆಂಬಲವಿದೆ; ಮುಕ್ತಾಯಕ್ಕೆ ಫಲಪ್ರಾಪ್ತಿಯ ತೃಪ್ತಿಯಿದೆ. ನಡುಭಾಗ ಮಾತ್ರ ಹಿಂದಿನದರ ಭಾರವನ್ನು ಹೊತ್ತು, ಮುಂದಿನದರ ನಿರೀಕ್ಷೆಯನ್ನು ಕಾಯುತ್ತ ನಿಲ್ಲಬೇಕು. ಮೂರು ಭಾಗಗಳಲ್ಲಿ ಬಂದ ಚಲನಚಿತ್ರದ ಎರಡನೆಯ ಭಾಗಕ್ಕೂ ಈ ಕಷ್ಟ ತಪ್ಪಿದ್ದಲ್ಲ. ಅಂಥ ಒಂದು ಚಿತ್ರವನ್ನು ಕುರಿತು, ಅದರ ಮೂಲ ಕಾದಂಬರಿಯನ್ನು ಬಹುಕಾಲದಿಂದ ಪ್ರೀತಿಸುತ್ತ ಬಂದ ಓದುಗನಾಗಿ, ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಚಿತ್ರ, ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ನಿರ್ದೇಶಿಸಿ 2002ರ ಡಿಸೆಂಬರಿನಲ್ಲಿ ತೆರೆಕಂಡ ‘ದ ಟೂ ಟವರ್ಸ್’, ಎಂದರೆ ‘ಎರಡು ಗೋಪುರಗಳು’. ಕಾದಂಬರಿ, ಇಂಗ್ಲೆಂಡಿನ ಜೆ. ಆರ್. ಆರ್. ಟಾಲ್ಕಿನ್ ಬರೆದ ‘ದ ಲಾರ್ಡ್ ಆಫ್ ದ ರಿಂಗ್ಸ್’.

ಅಭಿಮಾನಿಯ ಅಭಿಪ್ರಾಯವೆಂದರೆ ವಿಮರ್ಶಕರು ಹುಬ್ಬು ಗಂಟಿಕ್ಕುವುದುಂಟು. ಅದು ಸಹಜವೇ. ಅಭಿಮಾನಿಗೆ ಮೂಲಗ್ರಂಥದ ಒಂದೊಂದು ಪುಟವೂ ಪಿತ್ರಾರ್ಜಿತ ಆಸ್ತಿ ಇದ್ದಂತೆ. ಅದರಲ್ಲಿ ಒಂದಂಗುಲ ಒತ್ತುವರಿಯಾದರೂ ಅವನು ವ್ಯಾಜ್ಯಕ್ಕೆ ನಿಲ್ಲುತ್ತಾನೆ. ಆದರೆ ಅವನಿಗೊಂದು ಅನುಕೂಲವೂ ಇದೆ. ಎಲ್ಲಿ ಬದಲಾವಣೆ ಆಗಿದೆ ಎಂಬುದು ಅವನ ಕಣ್ಣಿಗೆ ಕೂಡಲೇ ಬೀಳುತ್ತದೆ. ಆ ಬದಲಾವಣೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವ ತಾಳ್ಮೆ ಇದ್ದರೆ, ಅವುಗಳ ಹಿಂದೆ ಕೆಲಸಮಾಡಿದ ಒಂದು ನಂಬಿಕೆಯೂ ಕಂಡೀತು. ಈ ಚಿತ್ರದಲ್ಲಿ ನನಗೆ ಕಂಡ ಅಂಥ ನಂಬಿಕೆಯೊಂದನ್ನು ಪರೀಕ್ಷಿಸುವುದೇ ಇಲ್ಲಿನ ಉದ್ದೇಶ.

ಕಾದಂಬರಿಯನ್ನು ಓದದವರಿಗಾಗಿ ಕಥೆಯ ಎಳೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ಮಧ್ಯಭೂಮಿ ಎಂಬ ಕಲ್ಪಿತ ಲೋಕದಲ್ಲಿ ಸೌರಾನ್ ಎಂಬ ದುಷ್ಟಶಕ್ತಿ ತನ್ನ ಬಲದ ಬಹುಭಾಗವನ್ನು ಎರೆದು ಒಂದು ಉಂಗುರವನ್ನು ಮಾಡಿದೆ. ಆ ಉಂಗುರ ಈಗ ಕಳೆದುಹೋಗಿ, ಹಾಬಿಟ್ ಎಂಬ ಕುಳ್ಳ ಜನಾಂಗದ ಫ್ರೋಡೊ ಎಂಬವನ ಕೈಸೇರಿದೆ. ಅದನ್ನು ಧರಿಸಿ ಸೌರಾನನನ್ನು ಗೆಲ್ಲಬಹುದಲ್ಲವೆ ಎಂದು ಯಾರಿಗಾದರೂ ತೋರುತ್ತದೆ. ಆದರೆ ಅದನ್ನು ಬಳಸಿದವನು, ಎಷ್ಟೇ ಸದುದ್ದೇಶದವನಾದರೂ, ಕ್ರಮೇಣ ಮತ್ತೊಬ್ಬ ಸೌರಾನನಾಗುತ್ತಾನೆ. ಆದ್ದರಿಂದ ಅದು ಹುಟ್ಟಿದ ಅಗ್ನಿಪರ್ವತದಲ್ಲೇ ಅದನ್ನು ಹಾಕಿ ಕರಗಿಸಬೇಕು. ನಮ್ಮ ಪುರಾಣಗಳ ವೀರರು ದಿವ್ಯಾಸ್ತ್ರಗಳನ್ನು ಪಡೆಯಲು ತಪಸ್ಸು ಮಾಡುತ್ತಾರೆ. ಇಲ್ಲಿಯ ವೀರರು ಕೈಗೆ ಸಿಕ್ಕ ಮಹಾಸ್ತ್ರವನ್ನು ಬಿಡಲು ಪಾಡುಪಡುತ್ತಾರೆ. ಪಡೆಯುವ ಕಥೆಯಲ್ಲ, ಬಿಡುವ ಕಥೆ. ಇಡೀ ಕಾದಂಬರಿಯ ಕೀಲಿ ಇರುವುದು ಇಲ್ಲಿ.

ಟಾಲ್ಕಿನ್ ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದವರು. 1916ರಲ್ಲಿ ಸೊಮ್ ನದಿಯ ದಂಡೆಯ ಘೋರಯುದ್ಧದಲ್ಲಿ ಸೈನಿಕರಾಗಿದ್ದವರು. ಅವರ ದೃಷ್ಟಿಯಲ್ಲಿ ‘ಲಾರ್ಡ್ ಆಫ್ ದ ರಿಂಗ್ಸ್’ ಒಂದೇ ಕಾದಂಬರಿ. ಎರಡನೆಯ ಮಹಾಯುದ್ಧದ ನಂತರದ ಕಾಗದದ ಅಭಾವ, ಅಚ್ಚಿನ ವೆಚ್ಚ ಮೊದಲಾದ ಕಾರಣಗಳಿಂದ ಪ್ರಕಾಶಕರು ಅದನ್ನು ಮೂರು ಸಂಪುಟಗಳಾಗಿ ಒಡೆದು 1954 ಮತ್ತು 1955ರಲ್ಲಿ ಹೊರತಂದರು. ಒಡೆದ ಮೇಲೆ ನಡುವಣ ತುಂಡಿಗೊಂದು ಹೆಸರು ಬೇಕಾಯಿತು. ‘ಎರಡು ಗೋಪುರಗಳು’ ಎಂಬ ಹೆಸರೇನೋ ನಿಂತಿತು. ಆದರೆ ಕಥೆಯಲ್ಲಿ ಗೋಪುರಗಳು ಎರಡಕ್ಕಿಂತ ಹೆಚ್ಚಾಗಿವೆ, ಅವುಗಳಲ್ಲಿ ಆ ಎರಡು ಯಾವುವು ಎಂಬ ವಿಷಯದಲ್ಲಿ ಲೇಖಕರಿಗೇ ಒಂದು ನಿಶ್ಚಯವಿರಲಿಲ್ಲ. ಒಮ್ಮೆ ಒಂದು ಜೋಡಿಯನ್ನು ಹೇಳಿದರು, ಇನ್ನೊಮ್ಮೆ ಮತ್ತೊಂದನ್ನು. ಚಿತ್ರವು ತನ್ನದೇ ಮೂರನೆಯ ಜೋಡಿಯನ್ನು ಆರಿಸಿಕೊಂಡಿತು: ಮಾಂತ್ರಿಕ ಸಾರುಮಾನನ ಗೋಪುರ ಮತ್ತು ಸೌರಾನನ ಗೋಪುರ. ನಡುಭಾಗಕ್ಕೆ ಸ್ವಂತ ಮುಖವಿಲ್ಲ ಎಂದು ನಾನು ಹೇಳಿದ್ದಕ್ಕೆ ಈ ಹೆಸರಿನ ಕಥೆಯೇ ಸಾಕ್ಷಿ.

ಸಂವಿಧಾನದಲ್ಲಿಯೂ ಈ ಸಂಪುಟ ವಿಚಿತ್ರವಾದುದು. ಇದರ ಮೊದಲರ್ಧದಲ್ಲಿ ಫ್ರೋಡೊನ ಸುದ್ದಿಯೇ ಇಲ್ಲ. ಅಲ್ಲಿ ರೋಹನ್ ಎಂಬ ಅಶ್ವಾರೋಹಿಗಳ ನಾಡು, ಅದರ ಮುದಿ ದೊರೆ ಥಿಯೊಡೆನ್, ನಡೆದಾಡುವ ವೃಕ್ಷಪಾಲಕರಾದ ಎಂಟ್‌ಗಳು, ಹೆಲ್ಮ್ಸ್ ಡೀಪ್ ಎಂಬ ಕಣಿವೆಕೋಟೆಯ ಯುದ್ಧ. ಎರಡನೆಯ ಅರ್ಧದಲ್ಲಿ ಫ್ರೋಡೊ, ಅವನ ಸೇವಕ ಸ್ಯಾಮ್, ಮತ್ತು ಹಿಂದೆ ಆ ಉಂಗುರವನ್ನು ಬಹುಕಾಲ ಇಟ್ಟುಕೊಂಡಿದ್ದು ಅದರಿಂದಲೇ ಹಾಳಾದ ಗಾಲಮ್, ಈ ಮೂವರ ನಡಿಗೆ ಮಾತ್ರ. ಒಂದು ಪೂರ್ತಿ ಮುಗಿದ ಮೇಲೆ ಇನ್ನೊಂದು. ಓದುಗನಿಗೆ ಇದರಿಂದ ಒಂದು ಲಾಭವುಂಟು: ಮೊದಲರ್ಧದ ಗೆಲುವಿನ ಸಡಗರದಲ್ಲಿರುವಾಗ ಫ್ರೋಡೊ ಬದುಕಿದ್ದಾನೆಯೆ ಎಂಬುದೇ ಅವನಿಗೆ ತಿಳಿದಿರುವುದಿಲ್ಲ. ಚಿತ್ರದಲ್ಲಿ ಒಂದೂವರೆ ಗಂಟೆಯ ಹೊತ್ತು ನಾಯಕನನ್ನು ಮರೆಸಿಡುವುದು ಆಗದ ಮಾತು. ಆದ್ದರಿಂದ ಜಾಕ್ಸನ್ ಎರಡು ಕಥೆಗಳನ್ನೂ ಜಡೆ ಹೆಣೆದಂತೆ ಹೆಣೆದರು. ಸಂಪುಟದ ಕೊನೆಗೆ ಬರುವ ಶೆಲೋಬ್ ಎಂಬ ದೈತ್ಯ ಜೇಡದ ಪ್ರಸಂಗವನ್ನು ಮೂರನೆಯ ಚಿತ್ರಕ್ಕೆ ಸರಿಸಿದರು. ಇವೆರಡಕ್ಕೂ ನನ್ನ ತಕರಾರಿಲ್ಲ. ಮಾಧ್ಯಮ ಬೇರೆಯಾದಾಗ ಕಥೆಯ ಮೈಕಟ್ಟೂ ಬೇರೆಯಾಗಬೇಕಾದದ್ದೇ.

ಇನ್ನು, ಚಿತ್ರ ಗೆದ್ದಿರುವ ಕಡೆ ಹೇಗೆ ಗೆದ್ದಿದೆ ಎಂಬುದನ್ನು ಮೊದಲು ಹೇಳಬೇಕು; ಹಾಗೆ ಹೇಳದೆ ದೋಷವನ್ನೆತ್ತುವುದು ನ್ಯಾಯವಲ್ಲ. ಮೂರು ಚಿತ್ರಗಳನ್ನೂ 1999ರ ಅಕ್ಟೋಬರಿನಿಂದ 2000ದ ಡಿಸೆಂಬರಿನವರೆಗೆ ನ್ಯೂಜಿಲೆಂಡಿನಲ್ಲಿ ಒಟ್ಟಿಗೇ ಚಿತ್ರೀಕರಿಸಲಾಯಿತು. ಥಿಯೊಡೆನ್ ದೊರೆಯ ಬೆಟ್ಟದ ಮೇಲಣ ರಾಜಧಾನಿಯನ್ನು ದಕ್ಷಿಣ ದ್ವೀಪದ ಮೌಂಟ್ ಸಂಡೆ ಎಂಬ ಗುಡ್ಡದ ಮೇಲೆ ನಿಜವಾಗಿಯೇ ಕಟ್ಟಿ, ಕೆಲಸ ಮುಗಿದ ಮೇಲೆ ಕುರುಹಿಲ್ಲದಂತೆ ತೆಗೆದುಹಾಕಿದರು. ಆ ಗಾಳಿ, ಆ ಹುಲ್ಲು, ಹಿಂದಿನ ಹಿಮಪರ್ವತ, ಇವುಗಳ ನಡುವೆ ಆ ಒಂಟಿ ಸಭಾಮಂದಿರವನ್ನು ನೋಡಿದಾಗ, ಓದುವಾಗ ನಾವು ಮನಸ್ಸಿನಲ್ಲಿ ಕಂಡದ್ದು ಬಡಕಲಾಗಿತ್ತೇನೋ ಎನ್ನಿಸುತ್ತದೆ. ಕೋಟೆಗೆ ಮುತ್ತಿಗೆ ಹಾಕುವ ಹತ್ತು ಸಾವಿರ ರಾಕ್ಷಸಸೈನಿಕರನ್ನು ಗಣಕಯಂತ್ರದಲ್ಲಿ ಸೃಷ್ಟಿಸಲು, ಒಬ್ಬೊಬ್ಬ ಯೋಧನೂ ತನ್ನ ಮುಂದಿನ ಹೆಜ್ಜೆಯನ್ನು ತಾನೇ ನಿರ್ಣಯಿಸುವಂಥ ವ್ಯವಸ್ಥೆಯೊಂದನ್ನು ಹೊಸದಾಗಿ ರೂಪಿಸಿದರು. ಆ ಸೈನ್ಯದ ಘೋಷಕ್ಕೆ ಮಾತ್ರ ಮನುಷ್ಯರೇ ಬೇಕಾದರು: ವೆಲಿಂಗ್ಟನ್ನಿನಲ್ಲಿ ಕ್ರಿಕೆಟ್ ಪಂದ್ಯ ನೋಡಲು ನೆರೆದಿದ್ದ ಸುಮಾರು 25,000 ಜನರಿಂದ ಜಾಕ್ಸನ್ ತಾವೇ ನಿಂತು ಕೂಗಿಸಿ ಧ್ವನಿಮುದ್ರಿಸಿಕೊಂಡರು. ಚಿತ್ರಕ್ಕೆ ಬಂದ ಎರಡು ಆಸ್ಕರ್ ಪ್ರಶಸ್ತಿಗಳು ದೃಶ್ಯಪರಿಣಾಮ ಮತ್ತು ಧ್ವನಿಸಂಕಲನಕ್ಕೆ ಸಂದದ್ದು ಆಕಸ್ಮಿಕವಲ್ಲ.

ಎಲ್ಲಕ್ಕಿಂತ ದೊಡ್ಡ ಗೆಲುವು ಗಾಲಮ್. ಆಂಡಿ ಸರ್ಕಿಸ್ ಎಂಬ ನಟನ ದನಿ, ಮೈಚಲನೆ, ಮುಖಭಾವಗಳ ಆಧಾರದ ಮೇಲೆ ಗಣಕಯಂತ್ರ ಬರೆದ ಈ ಬಡಕಲು ಜೀವಿ ಆವರೆಗಿನ ಕೃತಕ ಪಾತ್ರಗಳಿಗಿಂತ ಬೇರೆಯೇ ಆದುದು. ಕಾದಂಬರಿಯಲ್ಲಿ ಅವನೊಳಗಿನ ಎರಡು ಸ್ವಭಾವಗಳು ತಮ್ಮತಮ್ಮಲ್ಲೇ ವಾದಿಸುವುದನ್ನು ಸ್ಯಾಮ್ ಅರೆನಿದ್ರೆಯಲ್ಲಿ ಕೇಳಿಸಿಕೊಳ್ಳುತ್ತಾನೆ. ಚಿತ್ರದಲ್ಲಿ ಕ್ಯಾಮೆರಾ ಒಮ್ಮೆ ಈ ಬದಿಯಿಂದ, ಒಮ್ಮೆ ಆ ಬದಿಯಿಂದ ಅದೇ ಮುಖವನ್ನು ತೋರಿಸುತ್ತದೆ. ಅಷ್ಟರಿಂದಲೇ ಒಬ್ಬನು ಇಬ್ಬರಾಗುತ್ತಾನೆ. ಇಲ್ಲಿ ಚಿತ್ರ ಮೂಲವನ್ನು ಅನುಸರಿಸಲಿಲ್ಲ, ಅನುಭವಿಸಿತು. ಅಭಿಮಾನಿಗೆ ಇದಕ್ಕಿಂತ ಹೆಚ್ಚಿನ ಸಂತೋಷವಿಲ್ಲ.

ಆದರೆ ಗಾತ್ರದ ಪ್ರಶ್ನೆಯಲ್ಲಿ ಒಂದು ಸ್ವಾರಸ್ಯವಿದೆ. ಪುಸ್ತಕದಲ್ಲಿ ಹೆಲ್ಮ್ಸ್ ಡೀಪ್ ಯುದ್ಧ ಒಂದು ಅಧ್ಯಾಯದ ವಸ್ತು. ಚಿತ್ರದಲ್ಲಿ ಅದು ಕೊನೆಯ ಒಂದು ಗಂಟೆಯ ಬಹುಭಾಗವನ್ನು ಆಕ್ರಮಿಸಿದೆ. 1950ರ ದಶಕದಲ್ಲೇ ಅಮೆರಿಕದಿಂದ ಬಂದ ಚಿತ್ರಕಥೆಯ ರೂಪರೇಷೆಯೊಂದನ್ನು ಓದಿ ಟಾಲ್ಕಿನ್ 1958ರಲ್ಲಿ ದೀರ್ಘವಾದ ಟಿಪ್ಪಣಿ ಬರೆದಿದ್ದರು. ಎಂಟ್‌ಗಳ ಪ್ರಸಂಗ, ಹೆಲ್ಮ್ಸ್ ಡೀಪಿನ ಯುದ್ಧ ಇವೆರಡಕ್ಕೂ ಸಾಕಷ್ಟು ಸ್ಥಳ ಕೊಡಲಾಗದಿದ್ದರೆ ಒಂದನ್ನು ಬಿಡಬೇಕು, ಬಿಡುವುದಾದರೆ ಯುದ್ಧವನ್ನೇ ಬಿಡಿ ಎಂಬುದು ಅವರ ಸಲಹೆಯಾಗಿತ್ತು. ಯುದ್ಧಗಳು ಒಂದನ್ನೊಂದು ಹೋಲುತ್ತವೆ. ಮುಂದೆ ಬರಲಿರುವ ಮಹಾಯುದ್ಧಕ್ಕೆ ಪ್ರತಿಸ್ಪರ್ಧಿ ಇಲ್ಲದಿರುವುದೇ ಮೇಲು ಎಂಬುದು ಅವರು ಕೊಟ್ಟ ಕಾರಣ. ಸಮರವನ್ನು ಕಣ್ಣಾರೆ ಕಂಡಿದ್ದ ಲೇಖಕರು ಯಾವುದನ್ನು ಬಿಡಬಹುದೆಂದರೋ ಅದನ್ನೇ ಚಿತ್ರ ತನ್ನ ಶಿಖರವಾಗಿ ಮಾಡಿಕೊಂಡಿತು. ಯಾವುದನ್ನು ಉಳಿಸಿ ಎಂದರೋ ಅದನ್ನು ಕುಗ್ಗಿಸಿ, ಸ್ವಲ್ಪ ತಿರುಚಿತು. ಆ ತಿರುಚುವಿಕೆಯಿಂದ ನನ್ನ ಮುಖ್ಯ ವಿಷಯ ಆರಂಭವಾಗುತ್ತದೆ.

ಪುಸ್ತಕದಲ್ಲಿ ಎಂಟ್‌ಗಳು ಮೂರನೆಯ ದಿನದವರೆಗೂ ಸಭೆ ಸೇರಿ ಆಲೋಚಿಸುತ್ತಾರೆ. ಅವರು ಅವಸರವನ್ನರಿಯದ ಜನ. ಒಂದು ವಿಷಯವನ್ನು ಹೇಳಬೇಕಾದರೆ ಬುಡದಿಂದ ತುದಿಯವರೆಗೆ ಹೇಳಬೇಕು. ಕೊನೆಗೆ ತಾವೇ ನಿರ್ಣಯಿಸುತ್ತಾರೆ: ಸಾರುಮಾನನ ಮೇಲೆ ಯುದ್ಧಕ್ಕೆ ಹೋಗುವುದು, ಅದು ತಮ್ಮ ಕೊನೆಯ ನಡಿಗೆಯಾದರೂ ಸರಿ. ಚಿತ್ರದಲ್ಲಿ ಇದೇ ಸಭೆ, ಇದು ನಮ್ಮ ಯುದ್ಧವಲ್ಲ ಎಂದು ತೀರ್ಮಾನಿಸುತ್ತದೆ. ಆಮೇಲೆ ಹಾಬಿಟ್ ಹುಡುಗನೊಬ್ಬ ಉಪಾಯವಾಗಿ ಎಂಟ್‌ಗಳ ಹಿರಿಯನಾದ ಟ್ರೀಬಿಯರ್ಡ್‌ನನ್ನು ಕಡಿದುರುಳಿಸಿದ ಕಾಡಿನ ಕಡೆಗೆ ನಡೆಸಿಕೊಂಡು ಹೋಗುತ್ತಾನೆ. ಕತ್ತರಿಸಿದ ಮರಗಳನ್ನು ಕಂಡು ಆ ಹಿರಿಯ ಅಬ್ಬರಿಸುತ್ತಾನೆ. ಉಳಿದವರು ಕಾಡಿನಿಂದ ಹೊರಬರುತ್ತಾರೆ. ದೃಶ್ಯವೇನೋ ರೋಮಾಂಚಕಾರಿ. ಆದರೆ ವಿವೇಕದ ಜಾಗದಲ್ಲಿ ಕೋಪ ಬಂದು ಕುಳಿತಿತು.

ಥಿಯೊಡೆನ್ ದೊರೆಯ ಕಥೆಯೂ ಹೀಗೆಯೇ. ಪುಸ್ತಕದಲ್ಲಿ ಅವನನ್ನು ಕುಗ್ಗಿಸಿದ್ದು ವರ್ಮ್‌ಟಂಗ್ ಎಂಬ ದುರ್ಮಂತ್ರಿಯ ಮಾತು. ನೀನು ಮುದುಕ, ನಿನ್ನಿಂದ ಆಗದು, ನಿನ್ನವರನ್ನು ನಂಬಬೇಡ ಎಂಬರ್ಥದ ಮಾತುಗಳೇ ನಿಧಾನವಿಷದಂತೆ ಅವನನ್ನು ತಿಂದಿದ್ದವು. ಗ್ಯಾಂಡಾಲ್ಫ್ ಬಂದು ಅವನನ್ನು ಬಿಸಿಲಿಗೆ ಕರೆತಂದು ಎಚ್ಚರಿಸಿದೊಡನೆ ದೊರೆ ಕತ್ತಿ ಹಿಡಿದು ಶತ್ರುವಿನ ಕಡೆಗೇ ಹೊರಡುತ್ತಾನೆ. ಚಿತ್ರದಲ್ಲಿ ಸಾರುಮಾನನೇ ದೆವ್ವದಂತೆ ಅವನ ಮೈಮೇಲೆ ಬಂದಿರುತ್ತಾನೆ. ಅದನ್ನು ಬಿಡಿಸಿದ ಮೇಲೂ ದೊರೆ ಯುದ್ಧ ಬೇಡವೆಂದು ಹೆಂಗಸರು ಮಕ್ಕಳೊಡನೆ ಕೋಟೆಗೆ ಹಿಮ್ಮೆಟ್ಟುತ್ತಾನೆ. ಕೋಟೆಯ ಬಾಗಿಲು ಮುರಿಯುವವರೆಗೂ ಅವನಿಗೆ ಧೈರ್ಯ ಬರುವುದಿಲ್ಲ.

ಮೂರನೆಯವನು ಫರಾಮಿರ್. ನಾನು ಮುಖ್ಯವಾಗಿ ಹೇಳಬೇಕಾದದ್ದು ಇವನನ್ನು ಕುರಿತು. ಗೊಂಡೋರ್ ನಾಡನ್ನಾಳುವ ಡೆನೆಥೋರನ ಕಿರಿಯ ಮಗ ಇವನು. ಇವನ ಅಣ್ಣ ಬೊರೊಮಿರ್ ಮೊದಲ ಸಂಪುಟದಲ್ಲಿ ಫ್ರೋಡೊನ ಜೊತೆಗಾರನಾಗಿದ್ದು, ತನ್ನ ನಾಡನ್ನು ಉಳಿಸುವ ಆಸೆಯಿಂದಲೇ ಉಂಗುರವನ್ನು ಬಲವಂತವಾಗಿ ಕಸಿಯಲು ಹೋಗಿ, ಪಶ್ಚಾತ್ತಾಪಪಟ್ಟು, ಗೆಳೆಯರನ್ನು ಕಾಯುತ್ತ ಪ್ರಾಣಬಿಟ್ಟವನು. 1944ರ ಮೇ ತಿಂಗಳಲ್ಲಿ ಟಾಲ್ಕಿನ್ ದೂರದಲ್ಲಿದ್ದ ತಮ್ಮ ಮಗ ಕ್ರಿಸ್ಟೋಫರನಿಗೆ ಬರೆದ ಪತ್ರದಲ್ಲಿ ಈ ಫರಾಮಿರನ ಹುಟ್ಟಿನ ಸಂಗತಿಯಿದೆ. ಅವನನ್ನು ತಾವು ಯೋಜಿಸಿರಲಿಲ್ಲ, ಅವನೇ ಆ ಕಾಡಿನೊಳಗೆ ನಡೆದುಬಂದ ಎಂದು ಅವರು ಬರೆದರು. ತಮ್ಮ ಪಾತ್ರಗಳಲ್ಲಿ ತಮ್ಮನ್ನು ಹೋಲುವವನು ಯಾರಾದರೂ ಇದ್ದರೆ ಅವನೇ ಎಂದೂ ಮುಂದೊಮ್ಮೆ ಹೇಳಿಕೊಂಡರು.

ಪುಸ್ತಕದ ಸನ್ನಿವೇಶವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶತ್ರುವಿನ ಗಡಿಯಲ್ಲಿ ಗಸ್ತು ತಿರುಗುತ್ತಿದ್ದ ಫರಾಮಿರ್ ಫ್ರೋಡೊನನ್ನು ಹಿಡಿದು ವಿಚಾರಿಸುತ್ತಾನೆ. ಇವನು ಏನನ್ನೋ ಮುಚ್ಚಿಡುತ್ತಿದ್ದಾನೆಂದು ಅವನಿಗೆ ತಿಳಿಯುತ್ತದೆ. ಅದು ಶತ್ರುವಿನ ಯಾವುದೋ ಆಯುಧವಿರಬೇಕೆಂದೂ ಊಹಿಸುತ್ತಾನೆ. ಅದು ಏನೆಂದು ತಿಳಿಯುವ ಮೊದಲೇ, ಅಂಥ ಆಯುಧ ತನಗೆ ಬೇಡ, ಅದರಿಂದ ತನ್ನ ನಗರ ಉಳಿಯುವುದಾದರೂ ಬೇಡ ಎಂದು ಹೇಳಿಬಿಡುತ್ತಾನೆ. ರಾತ್ರಿ ಜಲಪಾತದ ಹಿಂದಣ ಗುಹೆಯಲ್ಲಿ ಊಟವಾದ ಮೇಲೆ, ಮಾತಿನ ಭರದಲ್ಲಿ ಸ್ಯಾಮ್ ಬಾಯಿಜಾರಿ ಉಂಗುರದ ಗುಟ್ಟನ್ನು ಹೊರಹಾಕುತ್ತಾನೆ. ಫರಾಮಿರ್ ಎದ್ದು ನಿಲ್ಲುತ್ತಾನೆ. ಅವನ ಕಣ್ಣು ಹೊಳೆಯುತ್ತದೆ. ಹಾಬಿಟ್ಟರಿಬ್ಬರೂ ಗೋಡೆಗೆ ಬೆನ್ನುಕೊಟ್ಟು ಕತ್ತಿಯ ಹಿಡಿಗೆ ಕೈಹಾಕುತ್ತಾರೆ. ಗುಹೆಯೆಲ್ಲ ನಿಶ್ಶಬ್ದ. ಆಗ ಅವನು ಮತ್ತೆ ಕುಳಿತು ಮೆಲ್ಲಗೆ ನಗುತ್ತಾನೆ. ತಿಳಿಯದೆ ಆಡಿದ ಮಾತನ್ನು ತಿಳಿದ ಮೇಲೂ ವ್ರತದಂತೆ ಪಾಲಿಸುತ್ತಾನೆ. ಮರುದಿನ ಪ್ರಯಾಣಿಕರಿಗೆ ಬುತ್ತಿ ಕಟ್ಟಿಸಿ, ಊರುಗೋಲುಗಳನ್ನು ಕೊಟ್ಟು, ಒಂದು ವರ್ಷ ಒಂದು ದಿನದವರೆಗೆ ಗೊಂಡೋರಿನ ನೆಲದಲ್ಲಿ ಸ್ವತಂತ್ರವಾಗಿ ಸಂಚರಿಸುವ ಅಭಯವನ್ನಿತ್ತು ಕಳಿಸುತ್ತಾನೆ.

ಚಿತ್ರದ ಫರಾಮಿರ್ ಹೀಗಲ್ಲ. ಉಂಗುರದ ವಿಷಯ ತಿಳಿದೊಡನೆ ಅವನು ಕತ್ತಿಯ ತುದಿಯಿಂದ ಅದನ್ನು ಮುಟ್ಟಿನೋಡುತ್ತಾನೆ. ತಂದೆಗೆ ಒಪ್ಪಿಸಿ ಮೆಚ್ಚುಗೆ ಪಡೆಯಬೇಕೆಂದು ಫ್ರೋಡೊ ಮತ್ತು ಸ್ಯಾಮ್‌ರನ್ನು ಓಸ್ಗಿಲಿಯತ್ ಎಂಬ ಪಾಳುನಗರಕ್ಕೆ ಎಳೆದೊಯ್ಯುತ್ತಾನೆ. ತನ್ನ ಯೋಗ್ಯತೆಯನ್ನು ತೋರಿಸುವ ಅವಕಾಶ ಒದಗಿತೆಂದು ಪುಸ್ತಕದಲ್ಲಿ ಅವನು ಆಡುವ ಮಾತೇ ಇಲ್ಲಿಯೂ ಉಂಟು. ಅರ್ಥ ಮಾತ್ರ ತಲೆಕೆಳಗಾಗಿದೆ. ಓಸ್ಗಿಲಿಯತ್ತಿನಲ್ಲಿ ಫ್ರೋಡೊನ ದುರವಸ್ಥೆಯನ್ನು ಕಣ್ಣಾರೆ ಕಂಡ ಮೇಲೆ, ಸ್ಯಾಮ್‌ನ ಮಾತು ಕೇಳಿದ ಮೇಲೆ, ಅವನ ಮನಸ್ಸು ತಿರುಗಿ ಅವರನ್ನು ಬಿಡುತ್ತಾನೆ. ನ್ಯಾಯವಾಗಿ ನಾವು ಇಲ್ಲಿರಲೇಬಾರದಿತ್ತು ಎಂಬರ್ಥದ ಮಾತೊಂದು ಅಲ್ಲಿ ಸ್ಯಾಮ್‌ನ ಬಾಯಿಂದ ಬರುತ್ತದೆ. ಪುಸ್ತಕ ಓದಿದವರು ಅದನ್ನು ಕೇಳಿ ನಗದೆ ಇರಲಾರರು. ಪುಸ್ತಕದ ಸ್ಯಾಮ್ ಆ ಊರಿಗೆ ಬಂದವನೇ ಅಲ್ಲ!

ಮೂವರನ್ನೂ ಒಟ್ಟಿಗೆ ಇಟ್ಟು ನೋಡಿರಿ. ಪುಸ್ತಕದಲ್ಲಿ ಆಲೋಚಿಸಿ ಒಳ್ಳೆಯದನ್ನು ಆರಿಸಿಕೊಂಡವರೆಲ್ಲ ಚಿತ್ರದಲ್ಲಿ ಮೊದಲು ತಪ್ಪು ದಾರಿ ಹಿಡಿಯುತ್ತಾರೆ. ಆಮೇಲೆ ಯಾವುದೋ ದೃಶ್ಯ, ಯಾವುದೋ ಆಘಾತ ಅವರನ್ನು ಸರಿದಾರಿಗೆ ತಳ್ಳುತ್ತದೆ. ಒಂದೆಡೆ ಆಗಿದ್ದರೆ ಅನುಕೂಲಕ್ಕಾಗಿ ಮಾಡಿದ ಬದಲಾವಣೆ ಎನ್ನಬಹುದಿತ್ತು. ಮೂರೂ ಕಡೆ ಆಗಿರುವುದರಿಂದ ಇದನ್ನು ಒಂದು ನಂಬಿಕೆ ಎನ್ನಬೇಕಾಗುತ್ತದೆ. ಮೊದಲೇ ಗಟ್ಟಿಯಾದ ಒಳ್ಳೆಯತನ ನಾಟಕೀಯವಲ್ಲ, ಪ್ರೇಕ್ಷಕ ಅದನ್ನು ನಂಬುವುದಿಲ್ಲ ಎಂಬ ನಂಬಿಕೆ ಅದು.

ಚಿತ್ರಕಥೆ ಬರೆದವರ ಪಕ್ಷವನ್ನೂ ಕೇಳಬೇಕು. ಫ್ರಾನ್ ವಾಲ್ಷ್, ಫಿಲಿಪ್ಪಾ ಬೋಯೆನ್ಸ್ ಮತ್ತು ಜಾಕ್ಸನ್ ತಮ್ಮ ಕಾರಣಗಳನ್ನು ಬಹಿರಂಗವಾಗಿಯೇ ವಿವರಿಸಿದ್ದಾರೆ. ಉಂಗುರ ಎಲ್ಲರನ್ನೂ ಕೆಡಿಸುತ್ತದೆಂದು ಒಂದೂವರೆ ಚಿತ್ರದುದ್ದಕ್ಕೂ ಹೇಳಿಬಂದು, ಈಗ ಒಬ್ಬನು ಬಂದು ನನಗದು ಬೇಡವೆಂದುಬಿಟ್ಟರೆ ಉಂಗುರದ ಭಯವೇ ಹೋಗುತ್ತದೆ ಎಂಬುದು ಒಂದು ಕಾರಣ. ಶೆಲೋಬ್ ಪ್ರಸಂಗ ಮುಂದಕ್ಕೆ ಹೋದದ್ದರಿಂದ ಫ್ರೋಡೊನ ಕಥೆಗೆ ಈ ಚಿತ್ರದಲ್ಲೊಂದು ವಿಘ್ನ, ಒಂದು ಶಿಖರ ಬೇಕಾಯಿತು ಎಂಬುದು ಇನ್ನೊಂದು. ಎರಡನೆಯ ಕಾರಣ ಬಡಗಿಯ ಕಾರಣ. ಮನೆ ಕಟ್ಟುವವನ ಕಷ್ಟ ಅವನಿಗೇ ಗೊತ್ತು, ಅದನ್ನು ಒಪ್ಪೋಣ. ಮೊದಲನೆಯದನ್ನು ಮಾತ್ರ ಪರೀಕ್ಷಿಸದೆ ಬಿಡಲಾಗದು.

ಮೂಲಕಥೆಯನ್ನು ಬದಲಿಸುವ ಹಕ್ಕು ಕವಿಗಿದೆಯೆ ಎಂಬ ಪ್ರಶ್ನೆ ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಇದಕ್ಕೆ ನೇರವಾದ ಉತ್ತರ ಕೊಟ್ಟಿದ್ದಾನೆ: ಪರಂಪರೆಯಿಂದ ಬಂದ ಕಥೆಯಲ್ಲಿ ರಸಕ್ಕೆ ಹೊಂದದ ಸನ್ನಿವೇಶವಿದ್ದರೆ ಕವಿ ಅದನ್ನು ಬಿಟ್ಟು, ರಸಕ್ಕೆ ಉಚಿತವಾದ ಬೇರೊಂದನ್ನು ಕಲ್ಪಿಸಿಕೊಳ್ಳಬಹುದು. ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ಕಾಳಿದಾಸನೂ ಹೀಗೆ ಬದಲಿಸಿದವನೇ, ಮತ್ತು ಅವನದೂ ಒಂದು ಉಂಗುರದ ಕಥೆಯೇ. ಮಹಾಭಾರತದ ದುಷ್ಯಂತ ಶಕುಂತಲೆಯನ್ನು ಬಲ್ಲವನಾಗಿಯೂ ಸಭೆಯಲ್ಲಿ ಅರಿಯೆನೆನ್ನುತ್ತಾನೆ. ಆ ದೊರೆ ಶೃಂಗಾರದ ನಾಯಕನಾಗಲಾರ. ಆದ್ದರಿಂದ ಕಾಳಿದಾಸ ದುರ್ವಾಸನ ಶಾಪವನ್ನೂ ಕಳೆದುಹೋಗುವ ಉಂಗುರವನ್ನೂ ತಂದು, ನಾಯಕನ ಅಪರಾಧವನ್ನು ವಿಧಿಯ ಹೆಗಲಿಗೆ ಹಾಕಿದ.

ಆದ್ದರಿಂದ ಬದಲಿಸಿದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ಆ ಬದಲಾವಣೆ ಯಾವ ರಸವನ್ನು ಪೋಷಿಸಿತು ಎಂದು ಮಾತ್ರ ಕೇಳುತ್ತೇನೆ. ಕಾಳಿದಾಸ ದೋಷಿಯಾದವನಿಂದ ದೋಷವನ್ನು ತೆಗೆದ. ಜಾಕ್ಸನ್ ದೋಷವಿಲ್ಲದವನಿಗೆ ದೋಷವನ್ನು ಕೊಟ್ಟರು. ಕೊಟ್ಟದ್ದರಿಂದ ಉಂಗುರದ ಭಯಾನಕತೆ ಉಳಿಯಿತೆಂದು ಅವರ ವಾದ. ಆದರೆ ಇದಕ್ಕೆ ಅವರದೇ ಮೊದಲ ಚಿತ್ರ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ. ಅಲ್ಲಿ ಫ್ರೋಡೊ ಉಂಗುರವನ್ನು ನೀಡಿದಾಗ ಗ್ಯಾಂಡಾಲ್ಫ್ ಬೆದರಿ ಹಿಂಜರಿಯುತ್ತಾನೆ. ವನದ ರಾಣಿ ಗಲಾಡ್ರಿಯೆಲ್ ಒಂದು ಕ್ಷಣ ಭಯಂಕರಳಾಗಿ ಬೆಳೆದು ನಿಂತು, ಮತ್ತೆ ಕುಗ್ಗಿ, ಬೇಡವೆನ್ನುತ್ತಾಳೆ. ಕೊನೆಯಲ್ಲಿ ಅರಾಗಾರ್ನ್ ಫ್ರೋಡೊನ ತೆರೆದ ಅಂಗೈಯನ್ನು ತನ್ನ ಕೈಯಿಂದಲೇ ಮುಚ್ಚುತ್ತಾನೆ. ಈ ಕೊನೆಯದು ಪುಸ್ತಕದಲ್ಲಿಲ್ಲ, ಚಿತ್ರದವರದೇ ಕಲ್ಪನೆ, ಬಹು ಸುಂದರವಾದ ಕಲ್ಪನೆ. ಮೂರು ಸಲ ಮೂವರು ಬೇಡವೆಂದರೂ ಉಂಗುರದ ಭಯ ಒಂದಿಷ್ಟೂ ಕಡಿಮೆಯಾಗಲಿಲ್ಲ; ಹೆಚ್ಚಿತು. ದೊಡ್ಡವರು ಮುಟ್ಟಲು ಅಂಜುವ ವಸ್ತು ಎಂಬುದರಿಂದಲೇ ಅದು ದೊಡ್ಡದಾಯಿತು. ನಾಲ್ಕನೆಯವನೊಬ್ಬ ಬೇಡವೆಂದಿದ್ದರೆ ನಾಟಕ ಸಡಿಲವಾಗುತ್ತಿತ್ತೆಂದು ನಂಬುವುದು ಹೇಗೆ?

ಅಷ್ಟೇ ಅಲ್ಲ. ಪುಸ್ತಕದ ಫರಾಮಿರನಿಗೆ ಉಂಗುರದ ಸೆಳೆತ ತಟ್ಟುವುದೇ ಇಲ್ಲ ಎಂಬುದೂ ಸರಿಯಲ್ಲ. ಅವನು ಎದ್ದು ನಿಂತ ಆ ಕ್ಷಣವನ್ನು ಟಾಲ್ಕಿನ್ ಸುಮ್ಮನೆ ಬರೆದಿಲ್ಲ. ಸೆಳೆತವಿದೆ, ಅದಕ್ಕಿಂತ ಮೊದಲೇ ಅವನೊಳಗೆ ಒಂದು ನಿರ್ಧಾರವೂ ಇದೆ. ಯುದ್ಧವನ್ನು ಕರ್ತವ್ಯವೆಂದು ಮಾಡುತ್ತ ಅದನ್ನು ಎಂದೂ ಪ್ರೀತಿಸದ, ಹಳೆಯ ಗ್ರಂಥಗಳನ್ನೂ ಸಂಗೀತವನ್ನೂ ಬಲ್ಲ ಈ ದಂಡನಾಯಕ, ಯಾವ ಗೆಲುವು ತನಗೆ ಬೇಡ ಎಂಬುದನ್ನು ಶಾಂತಿಯ ಹೊತ್ತಿನಲ್ಲೇ ಯೋಚಿಸಿ ಇಟ್ಟುಕೊಂಡಿದ್ದಾನೆ. ಪರೀಕ್ಷೆಯ ಗಳಿಗೆಯಲ್ಲಿ ಅವನಿಗೆ ಹೊಸದಾಗಿ ಯೋಚಿಸಬೇಕಾಗಿ ಬರುವುದಿಲ್ಲ. ಅಣ್ಣನಲ್ಲಿ ಶೌರ್ಯಕ್ಕೆ ಕೊರತೆಯಿರಲಿಲ್ಲ, ನಾಡಿನ ಪ್ರೀತಿಗೂ ಕೊರತೆಯಿರಲಿಲ್ಲ. ಈ ಪೂರ್ವನಿಶ್ಚಯ ಮಾತ್ರ ಇರಲಿಲ್ಲ. ಒಂದೇ ಮನೆ, ಒಬ್ಬನೇ ತಂದೆ, ಒಂದೇ ಆಪತ್ತು. ಒಬ್ಬ ಬಿದ್ದ, ಒಬ್ಬ ನಿಂತ. ತಮ್ಮ ನಿಂತದ್ದರಿಂದಲೇ ಅಣ್ಣನ ಪತನ ಅನಿವಾರ್ಯವಾಗಿರಲಿಲ್ಲವೆಂದು ನಮಗೆ ತಿಳಿಯುತ್ತದೆ, ಅದರ ಕರುಣೆ ಆಳವಾಗುತ್ತದೆ. ತಮ್ಮನನ್ನೂ ಅದೇ ಹಾದಿಯಲ್ಲಿ ನಡೆಸಿದಾಗ ಈ ಅಂತರ ಮಸುಕಾಗುತ್ತದೆ. ಎಲ್ಲರೂ ಹಾಗೆಯೇ, ಸ್ವಲ್ಪ ಬೇಗ ಅಥವಾ ಸ್ವಲ್ಪ ತಡ ಎಂಬಷ್ಟೇ ವ್ಯತ್ಯಾಸ ಉಳಿಯುತ್ತದೆ.

ಚಿತ್ರದ ಫರಾಮಿರನಿಂದ ಏನೂ ದಕ್ಕಲಿಲ್ಲವೆಂದರೆ ಅದೂ ಅನ್ಯಾಯವಾದೀತು. ಚಿತ್ರಮಂದಿರದಲ್ಲಿ ತೋರಿಸಿದ್ದು 179 ನಿಮಿಷಗಳ ಚಿತ್ರ. 2003ರಲ್ಲಿ ಮುಕ್ಕಾಲು ಗಂಟೆಯಷ್ಟು ಹೆಚ್ಚಿನ ಭಾಗ ಸೇರಿಸಿ ವಿಸ್ತೃತ ಆವೃತ್ತಿಯನ್ನು ಹೊರತಂದರು. ಅದರಲ್ಲಿ ಅಣ್ಣತಮ್ಮಂದಿರು ಮತ್ತು ತಂದೆ ಎದುರಾಗುವ ಒಂದು ಪೂರ್ವಪ್ರಸಂಗವಿದೆ. ಹಿರಿಯ ಮಗನನ್ನು ಹಾಡಿಹೊಗಳುವ ತಂದೆ ಕಿರಿಯವನ ಕಡೆ ಕಣ್ಣೆತ್ತಿಯೂ ಪ್ರೀತಿಯಿಂದ ನೋಡುವುದಿಲ್ಲ. ಅಣ್ಣನೇ ತಮ್ಮನ ಪರವಾಗಿ ಮಾತಾಡುತ್ತಾನೆ. ನಟ ಡೇವಿಡ್ ವೆನ್‌ಹ್ಯಾಮ್‌ನ ಬಾಡಿದ ಮುಖ ಎಷ್ಟೋ ಹೇಳುತ್ತದೆ. ಈ ಫರಾಮಿರ್ ಉಂಗುರಕ್ಕೆ ಆಸೆಪಟ್ಟವನಲ್ಲ, ತಂದೆಯ ಒಂದು ಒಳ್ಳೆಯ ಮಾತಿಗೆ ಆಸೆಪಟ್ಟವನು. ಅಂಥ ಮಗನನ್ನು ನಾವೆಲ್ಲ ಬಲ್ಲೆವು, ಅವನ ಬಗ್ಗೆ ಮರುಗುತ್ತೇವೆ. ಫ್ರೋಡೊನನ್ನು ಬಿಟ್ಟುಕಳಿಸಿದರೆ ತನ್ನ ಪ್ರಾಣಕ್ಕೇ ಕುತ್ತೆಂದು ತಿಳಿದೂ ಅವನು ಬಿಡುವುದು ನಿಜವಾದ ತ್ಯಾಗವೇ. ಆದರೆ ಮರುಗುವುದು ಬೇರೆ, ಅಂಥವನಾಗಬೇಕೆಂದು ಹಂಬಲಿಸುವುದು ಬೇರೆ. ಚಿತ್ರ ನಮಗೆ ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಕಳೆಯಿತು.

ಇದು ಅಭಿಮಾನಿಯೊಬ್ಬನ ಹಟದ ಮಾತೆಂದು ತಳ್ಳಿಹಾಕಬಾರದೆಂದು ನನ್ನ ಬಿನ್ನಹ. ಕಥೆಗಳು ನಮ್ಮ ಮುಂದಿಡುವ ಮಾದರಿಗಳಿಂದ ನಮ್ಮ ನಿರೀಕ್ಷೆ ರೂಪುಗೊಳ್ಳುತ್ತದೆ. ತಪ್ಪಿ ತಿದ್ದಿಕೊಂಡವನ ಕಥೆ ನಮಗೆ ಬೇಕು. ಎಡವದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಎಡವದೆಯೂ ನಡೆಯಬಹುದೆಂದು ತೋರಿಸುವ ಕಥೆಯೂ ಒಂದಿರಬೇಕು. ಲಂಚವನ್ನು ಮುಟ್ಟಿ, ಪಶ್ಚಾತ್ತಾಪಪಟ್ಟು, ಹಿಂತಿರುಗಿಸಿದ ಅಧಿಕಾರಿಯ ಕಥೆ ರೋಚಕ. ಮುಟ್ಟದೆಯೇ ದಿನದ ಕೆಲಸ ಮುಗಿಸಿ ಮನೆಗೆ ಹೋಗುವವನ ಕಥೆಯನ್ನು ಯಾರೂ ಬರೆಯುವುದಿಲ್ಲ. ಲೋಕ ನಡೆಯುತ್ತಿರುವುದು ಮಾತ್ರ ಅವನಿಂದ. ಟಾಲ್ಕಿನ್ ಅಂಥವನ ಕಥೆಯನ್ನು ಬರೆದರು, ಮತ್ತು ಅದನ್ನು ಉಸಿರು ಬಿಗಿಹಿಡಿದು ಓದುವಂತೆ ಬರೆದರು.

ಹಾಗಾದರೆ ಚಿತ್ರವನ್ನು ನೋಡಬಾರದೆ? ಖಂಡಿತ ನೋಡಬೇಕು. 1978ರಲ್ಲಿ ರಾಲ್ಫ್ ಬಕ್ಷಿ ಎಂಬ ನಿರ್ದೇಶಕ ಇದೇ ಕಾದಂಬರಿಯನ್ನು ಚಲಿಸುವ ಚಿತ್ರಗಳಲ್ಲಿ ರೂಪಿಸಲು ಹೊರಟು ಹೆಲ್ಮ್ಸ್ ಡೀಪ್ ಯುದ್ಧದವರೆಗೆ ಬಂದು ನಿಲ್ಲಿಸಿದರು; ಉತ್ತರಭಾಗ ಬರಲೇ ಇಲ್ಲ. ಜಾಕ್ಸನ್ ನಡುಭಾಗವನ್ನು ದಾಟಿ ದಡ ಮುಟ್ಟಿಸಿದರೆಂಬುದೇ ಸಣ್ಣ ಸಾಧನೆಯಲ್ಲ. ಆ ಕುದುರೆಗಳ ಓಟವನ್ನೂ, ಗಾಲಮ್‌ನ ಕಣ್ಣುಗಳನ್ನೂ ನೋಡಿದ ಮೇಲೆ ಎಷ್ಟೋ ಜನ ಪುಸ್ತಕದ ಕಡೆಗೆ ತಿರುಗಿದ್ದಾರೆ. ಹಾಗೆ ತಿರುಗಿದವರು ಎರಡನೆಯ ಸಂಪುಟದಲ್ಲಿ ಆ ಜಲಪಾತದ ಗುಹೆಗೆ ಬಂದಾಗ ಸ್ವಲ್ಪ ನಿಧಾನವಾಗಿ ಓದಲಿ. ಅಲ್ಲಿ ಊಟಕ್ಕೆ ಕುಳ್ಳಿರುವ ಮೊದಲು ಫರಾಮಿರ್ ಮತ್ತು ಅವನ ಸೈನಿಕರೆಲ್ಲ ಎದ್ದು, ಪಶ್ಚಿಮಕ್ಕೆ ಮುಖಮಾಡಿ, ಕ್ಷಣಕಾಲ ಮೌನವಾಗಿ ನಿಲ್ಲುತ್ತಾರೆ. ಅಳಿದುಹೋದ ತಮ್ಮ ಮೂಲನಾಡನ್ನೂ, ಅದರಾಚೆ ಅಳಿಯದೆ ಇರುವುದನ್ನೂ ನೆನೆಯುವ ಮೌನ ಅದು. ಕಾಡಿನಲ್ಲಿ, ಶತ್ರುವಿನ ಮಗ್ಗುಲಲ್ಲಿ, ದಣಿದು ಹಸಿದು ಬಂದವರು ದಿನದಿನವೂ ತಪ್ಪದೆ ಮಾಡುವ ಕೆಲಸ. ಚಿತ್ರದಲ್ಲಿ ಇದಕ್ಕೆ ಸ್ಥಳವಾಗಲಿಲ್ಲ. ಉಂಗುರ ಬೇಡವೆನ್ನುವ ಶಕ್ತಿ ಆ ರಾತ್ರಿ ಅವನಿಗೆ ಎಲ್ಲಿಂದ ಬಂತೆಂದು ಕೇಳುವವರು ಆ ಒಂದು ಕ್ಷಣವನ್ನು ಮತ್ತೊಮ್ಮೆ ಓದಿದರೆ ಸಾಕು.